ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು

ಬೆನ್ನಿಗೆ ಮೇಜು ತಣ್ಣಗೆ ಕೊರೆಯುತ್ತಿದೆ, ಮೂಗಿಗೆ ಕಾರ್ಬಾಲಿಕ್ಕಿನ ಘಾಟು, ಸರ ತೆಗೀಬೇಕಮ್ಮಾ ಎನ್ನುತ್ತಾಳೆ ನರ್ಸಮ್ಮ, ಸರವಲ್ಲ ತಾಯಿ ಅದು, ಶಿವದಾರ, ಲಿಂಗ ಮೈಬಿಟ್ಟು ಹೋಗುವಂತಿಲ್ಲ, ಬಲಗೈ ರಟ್ಟೆಗೆ ಕಟ್ಟು ಅಂದೆ, ಕಟ್ಟಿದಳು, ಸದ್ಯ — ಎಡಭುಜ ಮಾತ್ರ ಬರಿದು, ಅದರೊಳಗೆ ತೋಳೆತ್ತುವ ಹುರಿ ಹರಿದಿದೆಯಂತೆ, ಭದ್ರಾವತಿಯ ಮನೆ ಬಾವಿಯಲ್ಲಿ ತುಂಬಿದ ಕೊಡದ ಹಗ್ಗ ಜಾರಿದಾಗ ಎಡಗೈಯಲ್ಲೇ ಹಿಡಿದೆ, ಬಿಟ್ಟಿದ್ದರೆ ಕೊಡ ಹೋಗುತ್ತಿತ್ತು, ತೋಳು ಉಳಿಯುತ್ತಿತ್ತು, ಬಿಡುವ ಜಾಯಮಾನ ನನ್ನದಲ್ಲವಲ್ಲ. ಅಂದಿನಿಂದ ಪೂಜೆಗೆ ಕೂತರೆ ಲಿಂಗ ಹಿಡಿದ ಅಂಗೈ ಎದೆಯ ತನಕ ಬಂದು ನಡುಗುತ್ತದೆ, ಕಣ್ಣಿನೆದುರಿಗೆ ಏರುವುದಿಲ್ಲ, ಬಲಗೈ ಆಸರೆ ಕೊಟ್ಟರೆ ವಿಭೂತಿ ಯಾರು ಹಚ್ಚಬೇಕು, ಪತ್ರೆ ಯಾರು ಏರಿಸಬೇಕು? ನಮ್ಮ ಯಜಮಾನರೇ ಮೊಣಕೈ ಹಿಡಿದು ಕೂರುತ್ತಿದ್ದರು ಪಾಪ, ಕಿವಿ ಮಾತ್ರ ಕಬ್ಬಿಣದ ಕಾರ್ಖಾನೆಯ ಕಡೆಗೆ, ಯುದ್ಧ ಶುರುವಾದ ಮೇಲೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಒಂದು ಬೆಳಿಗ್ಗೆ ಪಾಳಿಯ ಸೈರನ್ ಕೂಗಿತು, ಕೈಬಿಟ್ಟು ಎದ್ದರು, ಲಿಂಗ ವಾಲಿತು, ಜಾರಿತು, ಮಡಿಲಿಗೆ ಬಿತ್ತು — ನೆಲಕ್ಕೆ ಬಿದ್ದಿದ್ದರೆ? ನೆಲಕ್ಕೆ ಬೀಳಲಿಲ್ಲವಲ್ಲ ಮಾರಾಯ್ತಿ, ಅಳ್ತೀಯ ಯಾಕೆ ಅಂದರು. ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಂದು ಹಟ ಹಿಡಿದದ್ದು ಆವತ್ತೇ.

ನೋಡೀಮ್ಮ, ಎರಡು ದಾರಿ ಇದೆ ಅಂದರು ಡಾಕ್ಟರು, ಮಾಂಸಾನ ಕುಯ್ಯದೆ ಎಳೆಎಳೆಯಾಗಿ ಬಿಡಿಸಿ ಸಣ್ಣ ಗಾಯದೊಳಗೇ ಹೊಲೀಬಹುದು, ಬೇಗ ಮಾಯುತ್ತೆ, ಕೈ ತಲೆ ಮೇಲಕ್ಕೂ ಹೋದೀತು, ಆದ್ರೆ ಹರುಕು ದೊಡ್ಡದಿದ್ರೆ ಸೂಜಿ ಅಲ್ಲೀವರೆಗೆ ಹೋಗಲ್ಲ, ಹಾಗೇ ಮುಚ್ಚಬೇಕಾಗುತ್ತೆ, ಇಲ್ಲಾ ಅಂದ್ರೆ ಭುಜದ ಮೇಲೆ ಉದ್ದಕ್ಕೆ ಕುಯ್ದು, ಮೂಳೆ ತುದೀನ ಗರಗಸದಲ್ಲಿ ತೆಗೆದು ಹೊಲಿಯೋದು, ಎಲ್ಲಾ ಕಾಣುತ್ತೆ, ಹೊಲಿಗೆ ಗಟ್ಟಿ, ಆದ್ರೆ ನೋವು ಜಾಸ್ತಿ, ಕೈ ಪೂರ್ತಿ ಮೇಲೇಳದೇನೂ ಇರಬಹುದು. ಸಣ್ಣದೇ ಇರಲಿ ಡಾಕ್ಟ್ರೇ, ಹೆಂಗಸು, ಗರಗಸ ಬೇಡ ಅಂದರು ಇವರು. ಹೆಂಗಸಂತೆ! ಮೂರು ಹೆತ್ತವಳಿಗೆ ನೋವಿನ ಪಾಠ. ಉದ್ದಕ್ಕೆ ಕುಯ್ದರೆ ಕೈ ಕಣ್ಣಿನ ಮಟ್ಟಕ್ಕೆ ಬರುತ್ತಾ ಸ್ವಾಮಿ, ಅಂದೆ. ಅಷ್ಟಾದ್ರೂ ಬರುತ್ತೆ ಅನ್ನೋ ಧೈರ್ಯ ನನಗಿದೆಯಮ್ಮ. ಹಾಗಾದ್ರೆ ಉದ್ದಕ್ಕೇ ಕುಯ್ದುಬಿಡಿ. ತಲೆಯ ಮೇಲೆ ಎತ್ತುವುದು ಯಾರಿಗೆ ಬೇಕು, ಅಟ್ಟದ ಡಬ್ಬ ಇವರೇ ಇಳಿಸಲಿ, ಜಡೆ ಮಗಳು ಹಾಕಲಿ, ಪೂಜೆಗೆ ಮಾತ್ರ ಇನ್ನೊಬ್ಬರ ಕೈ ಬೇಡ. ಹೆದರಿಕೆ ಇಲ್ಲವೇ? ಇದೆ, ಇರಲಿ. ಈಗ ಮೂಗಿನ ಮೇಲೆ ಬಟ್ಟೆ, ಸಿಹಿಸಿಹಿ ವಾಸನೆ, ಉಸಿರೆಳ್ಕೊಳ್ಳೀಮ್ಮ, ಎಳೆಯುತ್ತಿದ್ದೇನೆ, ದೀಪ ದೊಡ್ಡದಾಗುತ್ತಿದೆ, ಇವರು ಬಾಗಿಲಾಚೆ ಉಳಿದರು, ಪೂಜೆಗೆ ಕೂತ ಹಾಗಿದೆ, ಮೊಣಕೈ ಕೆಳಗೆ ಯಾರ ಕೈಯೂ ಇಲ್ಲ, ಅಂಗೈ ಎದೆ ದಾಟಿತು, ಗದ್ದ ದಾಟಿತು, ಲಿಂಗ ವಾಲುತ್ತಿದೆ, ಶಿವನೇ, ವಾಲುತ್ತಿದೆ, ವಾಲುತ್ತಲೇ ಇದೆ — ಬಿದ್ದಿಲ್ಲ