ಅಳತೆಗೆ ನಿಂತವನು

ಪ್ರದರ್ಶನವೊಂದಕ್ಕೆಂದು ನಗರದ ಕಲಾ ಸಂಗ್ರಹಾಲಯದ ಹಳೆಯ ಫೋಟೋಗಳನ್ನೆಲ್ಲ ಹುಡುಕಿ, ಒರೆಸಿ, ದಶಕಕ್ಕೊಂದು ಗೋಡೆಯಂತೆ ತೂಗುಹಾಕುವ ಕೆಲಸ ಸೊಸೆಯ ತಲೆಗೆ ಬಿದ್ದು ಮೂರು ತಿಂಗಳಾಗಿತ್ತು. ನೆಗೆಟಿವ್ ಕೋಣೆಯ ಧೂಳು ಕುಡಿದು ಕುಡಿದು ಕೆಮ್ಮು ಹತ್ತಿತ್ತು. ಅದು ಸಾಲದೆಂಬಂತೆ ಮನೆಗೆ ಹೋದರೆ ಮಾವನ ಕಾಟ. ಅವನು ಅದೇ ಸಂಗ್ರಹಾಲಯದಲ್ಲಿ ಮೂವತ್ತನಾಲ್ಕು ವರ್ಷ ಕಾವಲುಗಾರನಾಗಿದ್ದವನು. ಅವಳು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಸಿದ್ಧ.

"ಸಿಕ್ಕಿದೆನೇನಮ್ಮಾ?"

"ಇಲ್ಲ ಮಾವ."

"ಸರಿಯಾಗಿ ನೋಡು. ದೊಡ್ಡ ಚಿತ್ರದ ಪಕ್ಕ ಅಳತೆಗೆ ನಿಲ್ಲಿಸ್ತಿದ್ದಿದ್ದು ನನ್ನನ್ನೇ."

ದೊಡ್ಡ ಚಿತ್ರದ ಫೋಟೋ ತೆಗೆಯುವಾಗ ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಕಾವಲುಗಾರನೊಬ್ಬನನ್ನು ನಿಲ್ಲಿಸುವುದು ಅಲ್ಲಿನ ರೂಢಿ. ಮುಖ ಕಂಡರೆ ನೋಡುವವರ ಕಣ್ಣು ಅತ್ತ ಹೋಗುತ್ತದಂತೆ, ಹಾಗಾಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಆಮೇಲೆ ಪುಸ್ತಕಕ್ಕೆ ಅಚ್ಚು ಹಾಕುವಾಗ ಗಾಜಿನ ನೆಗೆಟಿವಿನ ಮೇಲೆ ಚಿತ್ರವನ್ನಷ್ಟೇ ಬಿಟ್ಟು ಸುತ್ತಲೂ ಕೆಂಪು ಬಣ್ಣ ಬಳಿದರೆ ಕಾವಲುಗಾರ ಮಾಯ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ!

ಈ ಅಳತೆಯ ಕಥೆ ಕೇಳಿ ಕೇಳಿ ಮನೆಯವರ ಕಿವಿ ತೂತು ಬಿದ್ದಿತ್ತು. "ಅಪ್ಪಂದು ಬರೀ ಬಡಾಯಿ" ಎಂದು ಮಗ ನಗುತ್ತಿದ್ದ. ಸೊಸೆಗೆ ಮಾತ್ರ ಕರುಳು ಚುರ್ ಎನ್ನುತ್ತಿತ್ತು. ಎಂಬತ್ತು ದಾಟಿದ ಮುದುಕ, ಒಂದು ಗೋಡೆಯ ಮೇಲೆ ಅವನ ಹೆಸರು ಕಂಡರೆ ಯಾರ ಗಂಟು ಹೋಗುತ್ತದೆ?

ಅಂಥದ್ದೊಂದು ನೆಗೆಟಿವಿನ ಬಣ್ಣ ತೊಳೆಯಲು ನಿರ್ದೇಶಕರ ಅನುಮತಿ ಕೇಳಿದಳು. "ಅರ್ಜಿ ಕೊಡಿ, ಸಮಿತಿ ನೋಡುತ್ತೆ" ಎಂದರು. ಕೊಟ್ಟಳು. ನಮೂನೆ ತಪ್ಪೆಂದು ವಾಪಸು ಬಂತು. ಇನ್ನೊಂದು ಕೊಟ್ಟಳು. ಸಮಿತಿ ಸೇರುವುದು ಪ್ರದರ್ಶನ ಮುಗಿದ ಮೇಲೆ ಎಂದು ಗೊತ್ತಾದಾಗ ಅವಳ ಪಿತ್ತ ನೆತ್ತಿಗೇರಿತು. ನಿಮ್ಮ ಸಮಿತಿಗಿಷ್ಟು ಬೆಂಕಿ ಹಾಕ ಎಂದುಕೊಂಡು, ಬಾಗಿಲು ಹಾಕಿ, ಒದ್ದೆ ಹತ್ತಿಯಲ್ಲಿ ಗಾಜನ್ನು ಮೆಲ್ಲಗೆ ಒರೆಸಿಯೇಬಿಟ್ಟಳು. ಕೆಂಪು ಕರಗಿದ ಜಾಗದಲ್ಲಿ ಸಮವಸ್ತ್ರದ ಬೆನ್ನೊಂದು ಎದ್ದು ಬಂತು. ಅವಳ ಕಣ್ಣು ತುಂಬಿತು.

ನಿರ್ದೇಶಕರು ಮೊದಲು ಹಾರಾಡಿದರು. ಆದರೆ ಪತ್ರಿಕೆಯವರು ಫೋಟೋ ನೋಡಿ ಆಹಾ ಓಹೋ ಎಂದದ್ದೇ ತಡ, ಇಡೀ ಆಲೋಚನೆ ತಮ್ಮದೇ ಎಂದು ಹೇಳಿಕೊಂಡು, ಕೆಳಗೆ ಮಾವನ ಹೆಸರಿನ ಹಿತ್ತಾಳೆ ಫಲಕ ಹೊಡೆಸಿದರು. ಮಾವನಿಗೆ ಆಶ್ಚರ್ಯವಾಗಲಿ ಎಂದು ಸೊಸೆ ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಇಸ್ತ್ರಿ ಅಂಗಿ ತೊಡಿಸಿ ಕರೆತಂದಳು. ಮಾವ ಫೋಟೋದೆದುರು ನಿಂತ. ಫಲಕ ಓದಿದ. ಮುಖ ಇಳಿದುಹೋಯಿತು.

"ಅಮ್ಮಾ, ಇದು ನಾನಲ್ಲ."

"ಬೆನ್ನು ನೋಡಿ ಹೇಗೆ ಹೇಳ್ತೀರಿ ಮಾವ?"

"ಟೋಪಿ ಸೇರಿಸಿದ್ರೂ ಚೌಕಟ್ಟಿನ ಅರ್ಧಕ್ಕೆ ಬಂದಿಲ್ಲ ನೋಡು. ಇವನು ನಮ್ಮ ಗಿಡ್ಡ. ನನ್ನ ಜೊತೆ ಡ್ಯೂಟಿ ಮಾಡ್ತಿದ್ದವನು, ಸತ್ತು ಇಪ್ಪತ್ತು ವರ್ಷ ಆಯ್ತು. ಯಾವಾಗಲೂ ಅವನನ್ನೇ ಕರೀತಿದ್ರು. ನಾನು ಆರಡಿ ಆಳು. ನಾನು ನಿಂತ್ರೆ ಚಿತ್ರ ಚಿಕ್ಕದಾಗಿ ಕಾಣುತ್ತಂತೆ."

ಅಳತೆಗೆಂದೇ ನಿಲ್ಲಿಸಿದವನನ್ನು ಒಮ್ಮೆ ಅಳೆದು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಮತ್ತೆ ದಿನಾ ಸಿಕ್ಕಿದೆನಾ, ಸಿಕ್ಕಿದೆನಾ ಅಂತ ನನ್ನ ಪ್ರಾಣ ಹಿಂಡಿದ್ದು?"

"ಮದುವೆಯಾದ ಹೊಸತರಲ್ಲಿ ನಿಮ್ಮತ್ತೆ ಹತ್ರ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಅವಳು ಊರಿಗೆಲ್ಲ ಸಾರಿದಳು. ಆಮೇಲೆ ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಎಲ್ಲದಕ್ಕೂ ಬಣ್ಣ ಬಳಿದಿದ್ದಾರಲ್ಲ, ಹೇಗೂ ಸಿಗಲ್ಲ ಅನ್ನೋ ಧೈರ್ಯದಲ್ಲಿ ಕೇಳ್ತಿದ್ದೆ."

ಸೊಸೆಗೆ ತಲೆ ಗೋಡೆಗೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಮಾವನ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. ನಿರ್ದೇಶಕರ ಬಳಿಗೆ ಓಡಿದಳು.

"ಫಲಕ ತೆಗೀಬೇಕು ಸಾರ್. ಅದು ಬೇರೆಯವರು."

"ಬೆನ್ನು ತಾನೇ? ಯಾರಿಗೆ ಗೊತ್ತಾಗುತ್ತೆ? ಅತಿಥಿಗಳು ಗೇಟಿಗೆ ಬಂದಾಯ್ತು."

"ಸುಳ್ಳು ಬರೆದ ಹಾಗಾಗುತ್ತೆ ಸಾರ್!"

"ಹಾಗಾದ್ರೆ ಅರ್ಜಿ ಕೊಡಿ."

ಅವಳು ಹಲ್ಲು ಕಚ್ಚಿಕೊಂಡು ವಾಪಸು ಬಂದಳು. ಅಷ್ಟರಲ್ಲಿ ಬಾಗಿಲು ತೆರೆದು ಜನ ತುಂಬಿದ್ದರು. ಮಾವ ಫೋಟೋದ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಅವಳು ಸ್ಟೂಲು ತಂದಿಟ್ಟಳು.

"ಡ್ಯೂಟಿ ಮೇಲಿದ್ದಾಗ ಕೂರಬಾರದು" ಎಂದು ಗದರಿದ.

ಫಲಕ ಓದಿದ ಹೆಂಗಸೊಬ್ಬಳು ಅವನತ್ತ ತಿರುಗಿ, "ಇದು ನೀವೇನಾ ತಾತ?" ಎಂದು ಕೇಳಿದಳು.

"ನನ್ನ ಹೆಸರು ಹಾಕಿದ್ದಾರಮ್ಮ, ಆದರೆ ನಾನಲ್ಲ" ಎಂದ ಮಾವ, ಹಿಂದೆ ನಿಂತವರಿಗೂ ಕೇಳುವಂತೆ. "ಇವನು ಗಿಡ್ಡ. ಈ ಚಿತ್ರ ಇಷ್ಟು ದೊಡ್ಡದಾಗಿ ಕಾಣ್ತಿರೋದು ಇವನಿಂದ."