ಮೂವತ್ತನಾಲ್ಕನೇ ಕಂಬ

ಫ್ಲಾಸ್ಕಿನ ಮುಚ್ಚಳದಿಂದ ಕಾಫಿ ಹನಿಹನಿಯಾಗಿ ಕೀಬೋರ್ಡಿನ ಪಕ್ಕಕ್ಕೆ ಬೀಳುತ್ತಿದೆ, ಒರೆಸಬೇಕು, ಒರೆಸುವುದಿಲ್ಲ, ಕಣ್ಣು ಪರದೆಯ ಮೇಲಿನ ಕೋಡಿನ ಆ ಎರಡು ಸಾಲು ಬಿಟ್ಟು ಏಳುತ್ತಿಲ್ಲ — ನಾನೇ ಬರೆದದ್ದು, ಮಾರ್ಚಿನಲ್ಲಿ, ನೋಡಲು ಚೆಂದವಿರಲಿ ಅಂತ. ಮೊದಲು ಒಂದೇ ಸಾಲಿತ್ತು, ಒಂದು ಎಂಬ ಅಂಕಿಯನ್ನು ಕಂಬದ ಸಂಖ್ಯೆಯಷ್ಟು ಮನೆ ಎಡಕ್ಕೆ ಸರಿಸು, ನೆರೆ ಎಚ್ಚರಿಕೆಯ ಪಟ್ಟಿಗೆ ಸೇರಿಸು, ಅಷ್ಟೇ. ಪಟ್ಟಿಗೆ ಸೊನ್ನೆಯೋ ಒಂದೋ ಕೂರುವ ಅರವತ್ತನಾಲ್ಕು ಮನೆ, ಹಳ್ಳದ ಉದ್ದಕ್ಕೂ ನಲವತ್ತು ಕಂಬ, ಕಂಬಕ್ಕೊಂದು ಸೈರನ್, ಯಾವ ಮನೆಯಲ್ಲಿ ಒಂದು ಬಿತ್ತೋ ಆ ಕಂಬ ಕೂಗಬೇಕು. ಈ ಭಾಷೆಯಲ್ಲಿ ಬರಿಯ ಒಂದಕ್ಕೆ ತನ್ನದೇ ಅಳತೆ, ಅಂದರೆ ಇಷ್ಟು ಮನೆಯೆಂಬುದು, ಇಲ್ಲ; ಎಷ್ಟು ಸರಿಸಬೇಕೆಂಬುದು ಪ್ರೋಗ್ರಾಂ ಓಡುವಾಗ ಮಾತ್ರ ತಿಳಿಯುವಂತಿದ್ದರೆ, ಸರಿಸುವ ಮಾತೇ ಇಲ್ಲದೆ ಆ ಒಂದನ್ನಷ್ಟೇ ಅಲ್ಲಿಟ್ಟಿದ್ದರೆ ಯಾವ ಅಳತೆ ಸಿಗುತ್ತಿತ್ತೋ ಅದೇ ಅದಕ್ಕೆ. ಪಟ್ಟಿಯ ಜೊತೆಗಿದ್ದಾಗ ಪಟ್ಟಿಯ ಅಳತೆ, ಅರವತ್ತನಾಲ್ಕು. ನಾನು ಮಹಾ ಅಚ್ಚುಕಟ್ಟಿನವಳು, ಕಿತ್ತು ಬೇರೆ ಸಾಲಿನಲ್ಲಿಟ್ಟು ಹೊಸ ಹೆಸರು ಕೊಟ್ಟೆ — ಅಲ್ಲಿ ಅದರ ಅಕ್ಕಪಕ್ಕ ಯಾರೂ ಇಲ್ಲ, ಹಾಗಾಗಿ ಅದು ಸಾಮಾನ್ಯ ಪೂರ್ಣಾಂಕ, ಅಂದರೆ ಓಡುವ ಯಂತ್ರದ ಅಳತೆ. ನನ್ನ ಲ್ಯಾಪ್‌ಟಾಪಿನಲ್ಲಿ ಅರವತ್ತನಾಲ್ಕೇ. ಹಳ್ಳದ ಬಳಿ ಸೈರನ್‌ಗಳನ್ನು ನಡೆಸುವ ಡಬ್ಬಿಯೊಳಗಿನ ಅಗ್ಗದ ಬೋರ್ಡಿನಲ್ಲಿ ಮೂವತ್ತೆರಡು. ಮೂವತ್ತನಾಲ್ಕು ಮನೆ ಸರಿಸಿದರೆ ಅಂಚು ದಾಟಿ ಹೋಗುತ್ತದೆ, ಉಳಿಯುವುದು ಸೊನ್ನೆ. ಆಮೇಲೆ ಆ ಸೊನ್ನೆಯನ್ನು ದೊಡ್ಡ ಅಳತೆಗೆ ಬದಲಿಸಿ, ಜತನದಿಂದ ಪಟ್ಟಿಗೆ ಸೇರಿಸಿದ್ದೇನೆ. ಭಲೇ ನಿದಿಯಾ, ಐದು ವರ್ಷದ ಅನುಭವ.

ಹತ್ತಕ್ಕೆ ಸಭೆ, ಈಗ ಒಂಬತ್ತೂ ಮುಕ್ಕಾಲು, ಹತ್ತಕ್ಕೆ ವಿಲ್ಮಾರ್ ಅವರನ್ನು ಕೆಲಸದಿಂದ ತೆಗೆಯುತ್ತಾರೆ, ಹಳ್ಳ ಉಕ್ಕಿದಾಗ ಮೂವತ್ತನಾಲ್ಕನೇ ಕಂಬ ಕೂಗಲಿಲ್ಲವಲ್ಲ, ತಂತಿ ಜೋಡಿಸಿದವರು ಅವರೇ ತಾನೇ. ಮೂವತ್ತರ ಮೇಲಿನ ಬೇರೆ ಯಾವ ಕಂಬದ ಹತ್ತಿರವೂ ನೀರು ಏರಲೇ ಇಲ್ಲ, ಏರಿದ್ದರೆ ತಪ್ಪು ತಂತಿಯದಲ್ಲವೆಂದು ಅಂದೇ ಗೊತ್ತಾಗುತ್ತಿತ್ತು. ಆ ಕಂಬದ ಪಕ್ಕದ ಬೇಕರಿಯ ಬೆರ್ನಾರ್ದಾಗೆ ಹಳ್ಳ ಬಂದದ್ದು ಒಲೆ ಆರಿದಾಗಲೇ ತಿಳಿದದ್ದು, ಓಡುವಾಗ ಬಿದ್ದಳು, ಸೊಂಟ ಮುರಿಯಿತು — ಬದುಕಿದ್ದಾಳೆ, ದೇವರು ದೊಡ್ಡವನು. ಮರುದಿನ ಮಳೆಯಲ್ಲೇ ಹೋಗಿದ್ದೆವು, ನಾನು ಕೆಳಗೆ ಕೊಡೆ ಹಿಡಿದು, ವಿಲ್ಮಾರ್ ಕಂಬದ ಮೇಲೆ, ಅರವತ್ತೊಂದು ವರ್ಷದ ಮೊಣಕಾಲು, ಪಿಂಚಣಿಗೆ ಇನ್ನೊಂದೇ ವರ್ಷ. ಗುಂಡಿ ಒತ್ತಿದ್ರೆ ಕೂಗ್ತಿದೆ ಮಗಳೇ, ಕಿವಿ ಕಿತ್ತು ಹೋಗೋ ಹಾಗೆ ಕೂಗ್ತಿದೆ, ನಿನ್ ಕಡೆ ಒಂದ್ಸಲ ನೋಡ್ಬಾರ್ದಾ. ನೋಡಿದೆ, ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಗಳೆಲ್ಲ ಹಸಿರು, ನಮ್ ಕಡೆ ಎಲ್ಲಾ ಸರಿ ಇದೆ ವಿಲ್ಮಾರ್, ನಿಮ್ದೇ ಇನ್ನೊಂದ್ಸಲ ನೋಡಿ. ಇಳಿದವರು ಮತ್ತೆ ಹತ್ತಿದರು. ಈಗ ಈ ಸಾಲನ್ನು ಸರಿ ಮಾಡಲು ಅರ್ಧ ನಿಮಿಷ ಸಾಕು, ಡಬ್ಬಿಗೆ ಕಳಿಸಿದರೆ ಮುಗಿಯಿತು, ಯಾರು ಕೇಳುತ್ತಾರೆ, ನನ್ನ ಗುತ್ತಿಗೆ ಡಿಸೆಂಬರಿನಲ್ಲಿ ಮತ್ತೆ ಆಗಬೇಕು, ಅಮ್ಮನ ಔಷಧಿ — ಥೂ, ಅಮ್ಮನನ್ನು ಯಾಕೆ ಎಳೆದು ತರುತ್ತೀಯೇ, ಹೆದರಿದ್ದೀಯ, ಹೆದರಿದ್ದೀನಿ ಅನ್ನು.

ಸಾಲನ್ನು ಮುಟ್ಟದೆ ಲ್ಯಾಪ್‌ಟಾಪ್ ಎತ್ತಿಕೊಂಡು ಸಭೆಗೆ ಬಂದಿದ್ದೇನೆ. ಮೇಲಧಿಕಾರಿ ಆಂಪಾರೊ ಮೇಡಂ ವಜಾ ಕಾಗದ ಮುಂದಿಟ್ಟುಕೊಂಡು ಕೂತಿದ್ದಾರೆ, ವಿಲ್ಮಾರ್ ಎದುರಿಗೆ, ಟೋಪಿ ಕೈಯಲ್ಲಿ, ಇಸ್ತ್ರಿ ಮಾಡಿದ ಅಂಗಿ. ಕೂತ್ಕೋ ನಿದಿಯಾ, ಐದ್ ನಿಮಿಷದ್ ಕೆಲ್ಸ. ಕೂರುವುದಿಲ್ಲ, ಕೂತರೆ ಏಳಲಾಗುವುದಿಲ್ಲ, ನನ್ನ ದನಿ ಕೇಳುತ್ತಿದೆ, ತೆಳ್ಳಗೆ, ಮೇಡಂ ತಪ್ಪು ನಂದು, ಕೋಡಲ್ಲಿದೆ, ನಾನೇ ಬರ್ದಿದ್ದು, ಇಲ್ಲಿ ನೋಡಿ. ಆಂಪಾರೊ ಕನ್ನಡಕ ತೆಗೆಯುತ್ತಾರೆ, ಏನೋ ಹೇಳುತ್ತಿದ್ದಾರೆ, ಗುತ್ತಿಗೆ, ವಿಚಾರಣೆ, ಲಿಖಿತವಾಗಿ ಕೊಡು, ನನಗದು ಕೇಳುತ್ತಿಲ್ಲ, ನಾನು ಕಾಯುತ್ತಿರುವುದು ವಿಲ್ಮಾರ್ ಅವರ ಬೈಗುಳಕ್ಕೆ, ಬೈಯಲಿ, ಎದ್ದು ಟೋಪಿ ಎಸೆಯಲಿ. ಬೈಯುವುದಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, ಕೆಲಸಕ್ಕೆ ಹೊಸಬನ ಹಾಗೆ, ಹಂಗಾದ್ರೆ ನನ್ ತಂತಿ ಸರಿಯಾಗೇ ಇತ್ತಾ, ಮಗಳೇ? ನಾನೇ ಎಲ್ಲೋ ತಪ್ಪಿದೀನಿ ಅನ್ಕೊಂಡ್ಬಿಟ್ಟಿದ್ದೆ. ಸರಿಯಾಗೇ ಇತ್ತು, ಮೊದಲ ಸಲವೇ ಸರಿಯಾಗಿತ್ತು, ಕಣ್ಣ ಮುಂದೆ ಅವರಿನ್ನೂ, ನಾನು ಹೇಳಿದೆನೆಂದು ಮತ್ತೆ ಕಂಬ ಹತ್ತಿ, ಮಳೆಯಲ್ಲಿ, ಒಂದು ಕೈಯಲ್ಲಿ ಕಂಬ ಅಪ್ಪಿಕೊಂಡು, ಹಲ್ಲಿನಲ್ಲಿ ಕಚ್ಚಿ ಸುಲಿಯುತ್ತಿದ್ದಾರೆ, ಏನೂ ಆಗದ ತಂತಿಯನ್ನು.