ಆ ಕಡೆಯವರನ್ನ ಕೇಳಿದ್ಯಾ?

ಪತ್ರಿಕೋದ್ಯಮ ಓದುತ್ತಿದ್ದ ಆ ಹುಡುಗಿಗೆ ತರಗತಿಯವರು ‘ರಿಪೇರಿ’ ಎಂದು ಹೆಸರಿಟ್ಟಿದ್ದರು. ಇಟ್ಟವರ ತಪ್ಪೇನೂ ಇಲ್ಲ. ಅವಳ ಕೈಗೆ ಸಿಕ್ಕಿದ ಸುದ್ದಿ ಸುದ್ದಿಯಾಗಿ ಉಳಿಯುತ್ತಲೇ ಇರಲಿಲ್ಲ, ರಿಪೇರಿಯಾಗಿಬಿಡುತ್ತಿತ್ತು.

ಮೊದಲನೆಯದು ನಲ್ಲಿ. ಕಾಲೇಜಿನ ಹಿಂದಿನ ನಲ್ಲಿ ಎಂಟು ತಿಂಗಳಿಂದ ಸೋರುತ್ತಿತ್ತು. ಅವಳು ಅದರ ಕೆಳಗೆ ಬಕೆಟ್ ಇಟ್ಟು, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿ, ನಾನೂರು ಪದಗಳ ವರದಿ ಬರೆದಳು. ಮೇಷ್ಟ್ರು ಓದಿ ತಲೆದೂಗಿ, ಎಂದಿನ ಪ್ರಶ್ನೆ ಹಾಕಿದರು. “ಆ ಕಡೆಯವರನ್ನ ಕೇಳಿದ್ಯಾ?”

ಮೇಷ್ಟ್ರ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲೇ ಇತ್ತು. ಯಾರ ಮೇಲೆ ತಪ್ಪು ಹೊರಿಸುತ್ತೀಯೋ ಅವರನ್ನು ಕೇಳು, ಅವರು ಹೇಳಿದ್ದನ್ನೂ ಬರೆ, ಇಲ್ಲದಿದ್ದರೆ ಅದು ವರದಿಯಲ್ಲ, ಚಾಡಿ. ಹುಡುಗಿ ಹೋಗಿ ಉಸ್ತುವಾರಿಯವನನ್ನು ಕೇಳಿದಳು. “ನಾಳೆ ಹೇಳ್ತೀನಿ” ಎಂದ. ಮಾರನೆಯ ಬೆಳಿಗ್ಗೆ ಹೊಸ ನಲ್ಲಿ ಫಳಫಳ ಹೊಳೆಯುತ್ತಿತ್ತು. ನಾನೂರು ಪದಗಳು ಕಸದ ಬುಟ್ಟಿ ಸೇರಿದವು.

ಎರಡನೆಯದು ಹಿಂದಿನ ಬೀದಿಯ ಉರಿಯದ ದೀಪ. ನಗರಸಭೆಯ ಎಂಜಿನಿಯರನ್ನು ಕೇಳಿದಳು, ಸಂಜೆಗೇ ಉರಿಯಿತು. ಮೂರನೆಯದು ಗ್ರಂಥಾಲಯದ ನಿಂತ ಗಡಿಯಾರ. ಗ್ರಂಥಪಾಲಕಿಯನ್ನು ಕೇಳುತ್ತಿದ್ದ ಹಾಗೇ ಆಕೆ ಕುರ್ಚಿ ಹತ್ತಿ ಸೆಲ್ ಬದಲಾಯಿಸಿದರು. ಸಾಲದೆಂಬಂತೆ ಕುರ್ಚಿಯನ್ನು ಇವಳ ಕೈಯಲ್ಲೇ ಹಿಡಿಸಿಕೊಂಡರು.

ಇನ್ನು ಅದೇ ತರಗತಿಯಲ್ಲಿ ‘ಬ್ರೇಕಿಂಗ್’ ಎಂಬ ಮಹಾನುಭಾವನಿದ್ದ. ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ. ಕಾರಿಡಾರಿನಲ್ಲಿ ಕಿವಿಗೆ ಬಿದ್ದದ್ದನ್ನು ಗೀಚಿ, ಗಡಿಬಿಡಿಯ ಹೊತ್ತಿನಲ್ಲಿ ಮೇಷ್ಟ್ರ ಮುಂದೆ ಹಿಡಿದು ಸಹಿ ಹಾಕಿಸಿಕೊಂಡುಬಿಡುತ್ತಿದ್ದ. ಅಭ್ಯಾಸಕ್ಕೆಂದು ತರಗತಿ ಹೊರತರುತ್ತಿದ್ದ ಲ್ಯಾಬ್ ಪತ್ರಿಕೆಯಲ್ಲಿ ಅವನ ಹೆಸರಿನಡಿ ಐದು ವರದಿ ಬಂದಿದ್ದವು. ಅದರಲ್ಲಿ ಮೂರಕ್ಕೆ ಮುಂದಿನ ಸಂಚಿಕೆಯಲ್ಲಿ ವಿಷಾದ ಪ್ರಕಟಿಸಬೇಕಾಯಿತು. ಆದರೆ ಅವನ ಹೆಸರು ದಪ್ಪಕ್ಷರದಲ್ಲಿ, ವಿಷಾದ ಇರುವೆ ಗಾತ್ರದಲ್ಲಿ. ಲೋಕ ಯಾವುದನ್ನು ಓದುತ್ತದೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಈಗ ವರ್ಷದ ಕೊನೆಯ ಸಂಚಿಕೆ. ವಿಭಾಗದ ನೋಟಿಸ್ ಬೋರ್ಡಿನಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಬರೆದು ಅಂಟಿಸಿದ್ದ ನಿಯಮವೊಂದಿತ್ತು: ‘ಕೊನೆಯ ವರ್ಷ ಮುಗಿಯುವುದರೊಳಗೆ ಪ್ರತಿ ವಿದ್ಯಾರ್ಥಿಯ ಹೆಸರು ಒಮ್ಮೆಯಾದರೂ ಅಚ್ಚಾಗಿರಬೇಕು. ಇಲ್ಲದಿದ್ದರೆ ಮತ್ತೊಂದು ವರ್ಷ ಇಲ್ಲೇ.’ ಹೆಸರು ಅಚ್ಚಾಗದೆ ಉಳಿದವಳು ಇಡೀ ತರಗತಿಗೆ ಇವಳೊಬ್ಬಳೇ.

ಅದಕ್ಕಿಂತ ಹೆಚ್ಚಾಗಿ ಅವಳಿಗೆ ಚುಚ್ಚುತ್ತಿದ್ದದ್ದು ಅಮ್ಮನ ಫ್ರೇಮು. ಅಮ್ಮ ಹೊಲಿಗೆ ಅಂಗಡಿ ಇಟ್ಟಿದ್ದಳು. ಮಗಳು ಕಾಲೇಜು ಸೇರಿದ ವಾರವೇ ಗಾಜಿನ ಫ್ರೇಮೊಂದನ್ನು ತಂದು ಮಷೀನಿನ ಮೇಲಿನ ಗೋಡೆಗೆ ಖಾಲಿಯಾಗಿಯೇ ನೇತು ಹಾಕಿದ್ದಳು.

“ಇದೇನಕ್ಕ, ಖಾಲಿ ಫ್ರೇಮು?” ಎಂದು ಗಿರಾಕಿಗಳು ಕೇಳುತ್ತಿದ್ದರು.

“ನನ್ನ ಮಗಳ ಹೆಸರು ಪೇಪರಲ್ಲಿ ಬರುತ್ತಲ್ಲ, ಅದನ್ನ ಹಾಕೋಕೆ.”

ಹೀಗೆ ಹೇಳುತ್ತ ಮೂರು ವರ್ಷವಾಗುತ್ತ ಬಂದಿತ್ತು. ಈಗೀಗ ಗಿರಾಕಿಗಳು ಕೇಳುವುದನ್ನು ಬಿಟ್ಟು, ಆ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರು. ಅಮ್ಮ ಮಾತ್ರ ದಿನಾ ಅದರ ಧೂಳು ಒರೆಸುತ್ತಿದ್ದಳು.

ಕೊನೆಗೆ ಅವಳ ಕಣ್ಣು ಬಿದ್ದದ್ದು ಕಾಲೇಜಿನ ಲಿಫ್ಟಿನ ಮೇಲೆ. ಅದು ಕೆಟ್ಟು ಮೂರು ವರ್ಷ. ನೆಲಮಹಡಿಯಲ್ಲಿ ಬಾಗಿಲು ಅರ್ಧ ತೆರೆದುಕೊಂಡು ನಿಂತಿತ್ತು. ಒಳಗೆ ಪೊರಕೆಗಳು, ಕಾಲು ಮುರಿದ ಕುರ್ಚಿಗಳು, ಕಾವಲುಗಾರನ ಛತ್ರಿ ಮತ್ತು ಊಟದ ಡಬ್ಬಿ. ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕ. ಆ ಫಲಕವೇ ಮಾಸಿಹೋಗಿ ಎರಡು ಸಲ ದುರಸ್ತಿ ಕಂಡಿತ್ತು. ಪತ್ರಿಕೋದ್ಯಮ ವಿಭಾಗ ನಾಲ್ಕನೇ ಮಹಡಿಯಲ್ಲಿ, ಮೇಷ್ಟ್ರಿಗೆ ಮಂಡಿನೋವು. ಅವರಿಗಾಗಿ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು ಹಾಕಿದ್ದರು. ಅಲ್ಲಿ ಕೂತು ಮಂಡಿ ನೀವಿಕೊಂಡು ಅವರು ಮೇಲೆ ಬರುವಷ್ಟರಲ್ಲಿ ಪಾಠಕ್ಕೆ ಹತ್ತು ನಿಮಿಷ ತಡವಾಗುತ್ತಿತ್ತು.

ಹುಡುಗಿ ಆರುನೂರು ಪದ ಬರೆದಳು. ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಮೊದಲ ಪುಟಕ್ಕೆ ಹಾಕೋಣ” ಎಂದರು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಷ್ಟರಲ್ಲಿ ಅವರು ಬಾಯಿ ತೆರೆದರು.

“ಆ ಕಡೆಯವರನ್ನ ಕೇಳಿದ್ಯಾ?”

ಅವಳು ಮೆಟ್ಟಿಲಿಳಿಯುತ್ತ, ಕೇಳಿದರೂ ಕೇಳದ ಹಾಗಿರುವಂತೆ ಕೇಳುವುದು ಹೇಗೆಂದು ಅಭ್ಯಾಸ ಮಾಡಿಕೊಂಡಳು. ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಫೈಲಿನ ಹಿಂದೆ ಕೂತಿದ್ದರು.

“ಸರ್, ಸುಮ್ನೆ ಒಂದು ಮಾತು ಕೇಳ್ಬೇಕಿತ್ತು. ಅವಸರ ಏನಿಲ್ಲ.”

“ಏನಮ್ಮ?”

“ಲಿಫ್ಟ್ ಕೆಟ್ಟಿದೆಯಂತೆ. ನೀವು ತಲೆ ಕೆಡಿಸ್ಕೋಬೇಡಿ, ಹಾಗೇ ಇದ್ರೂ ಏನೂ ತೊಂದರೆ ಇಲ್ಲ. ಯಾಕೆ ಕೆಟ್ಟಿದೆ ಅಂತ ಒಂದು ಸಾಲು ಹೇಳಿಬಿಟ್ರೆ ಬರ್ಕೊಂಡು ಹೋಗ್ತೀನಿ.”

ಸೂಪರಿಂಟೆಂಡೆಂಟ್ ತಮ್ಮ ಇಡೀ ನೌಕರಿಯಲ್ಲಿ ಇಷ್ಟು ವಿನಯದ ದೂರು ಕೇಳಿರಲಿಲ್ಲ. ಇಷ್ಟು ನಯವಾಗಿ ಮಾತಾಡುವವಳ ಬೆನ್ನ ಹಿಂದೆ ಯಾರೋ ದೊಡ್ಡವರೇ ಇರಬೇಕು ಎಂದು ಅವರಿಗೆ ಒಳಗೊಳಗೇ ಅಳುಕಾಯಿತು. ಡ್ರಾಯರ್ ಎಳೆದು ಒಂದು ಫಾರಂ ತೆಗೆದರು.

“ಪೂರ್ತಿ ಹೆಸರು ಹೇಳಮ್ಮ. ಫೋನ್ ನಂಬರು?”

“ಅದೆಲ್ಲ ಯಾಕೆ ಸರ್?”

“ಫೈಲಿಗೆ. ಮೂರು ವರ್ಷದಿಂದ ಎಲ್ರೂ ಬೈಕೊಂಡು ಹತ್ತಿದ್ರು, ಬಂದು ಹೆಸರು ಬರೆಸಿದೋರು ಒಬ್ರೂ ಇಲ್ಲ. ದೂರೇ ಇಲ್ದೆ ನಾನು ಹೇಗಮ್ಮ ರಿಪೇರಿ ಮಾಡಿಸಲಿ?”

ಇದು ದೂರಲ್ಲ ಸರ್, ಬರೀ ಪ್ರಶ್ನೆ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಫಾರಂ ತುಂಬಿ, ಠಪ್ಪೆಂದು ಮೊಹರು ಒತ್ತಿದರು.

ಮಾರನೆಯ ದಿನ ಪತ್ರಿಕೆ ಅಚ್ಚಿಗೆ ಹೋಗುವ ದಿನ. ಸಂಜೆ ನಾಲ್ಕರವರೆಗೆ ಸಮಯ. ಬೆಳಿಗ್ಗೆ ಹತ್ತಕ್ಕೆ ಹುಡುಗಿ ಗೇಟು ದಾಟುವಾಗಲೇ ಲಿಫ್ಟಿನ ಮುಂದೆ ಪೊರಕೆ, ಕುರ್ಚಿ, ಛತ್ರಿ, ಡಬ್ಬಿ ಎಲ್ಲ ಸಾಲಾಗಿ ನಿಂತಿದ್ದವು. ಒಳಗೆ ಮೆಕ್ಯಾನಿಕ್ ಚೀಲ ಬಿಚ್ಚುತ್ತಿದ್ದ.

“ಅಣ್ಣ, ಇದನ್ನ ನಾಳೆ ಮಾಡಿದ್ರೆ ಆಗಲ್ವಾ?”

“ಯಾಕಮ್ಮ?”

“ನಾಲ್ಕು ಗಂಟೆವರೆಗಾದ್ರೂ ಕೆಟ್ಟಿರಲಿ ಅಣ್ಣ, ನಿಮ್ಮ ದಮ್ಮಯ್ಯ.”

ಬೇಗ ಮಾಡಿ ಎಂದು ಪ್ರಾಣ ತಿನ್ನುವವರನ್ನು ಅವನು ಬೇಕಾದಷ್ಟು ನೋಡಿದ್ದ. ಈ ಜಾತಿಯ ಬೇಡಿಕೆ ಇದೇ ಮೊದಲು. ಅವನು ನಕ್ಕು ಕೆಲಸಕ್ಕೆ ಕೈ ಹಾಕಿದ. ಹುಡುಗಿ ಬಿಡಲಿಲ್ಲ. ಚಹಾ ತರಿಸಿದಳು. ಅದು ಮುಗಿಯುತ್ತಲೇ ಇನ್ನೊಂದು ತರಿಸಿದಳು. ಆಮೇಲೆ ನೋಟ್‌ಬುಕ್ ತೆಗೆದು, “ನಿಮ್ಮ ಜೀವನದ ಬಗ್ಗೆ ಹೇಳಿ ಅಣ್ಣ, ಹುಟ್ಟಿದಾಗಿಂದ” ಎಂದಳು. ಅವನಿಗೆ ಈ ತನಕ ಯಾರೂ ಹಾಗೆ ಕೇಳಿರಲಿಲ್ಲ. ಸ್ಪಾನರ್ ಕೆಳಗಿಟ್ಟು ಶುರು ಮಾಡಿದ. ಮಧ್ಯಾಹ್ನ ಎರಡಾದರೂ ಅವನ ಜೀವನಚರಿತ್ರೆ ಹನ್ನೊಂದನೇ ವಯಸ್ಸನ್ನು ದಾಟಿರಲಿಲ್ಲ. ಹುಡುಗಿ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಳು.

ಎರಡೂವರೆಗೆ ಮೇಷ್ಟ್ರು ಬಂದರು. ಮೆಟ್ಟಿಲ ಕಂಬಿಗಳ ನಡುವಿನಿಂದ ಅವಳಿಗೆ ಅವರ ಕಾಲು ಮಾತ್ರ ಕಾಣಿಸುತ್ತಿತ್ತು. ಒಂದು ಕಾಲು ಮೆಟ್ಟಿಲೇರುತ್ತಿತ್ತು. ಇನ್ನೊಂದನ್ನು ಅವರು ಎರಡೂ ಕೈಯಲ್ಲಿ ಹಿಡಿದೆತ್ತಿ, ಸಾಮಾನು ಇಡುವಂತೆ ಪಕ್ಕಕ್ಕೆ ಇಡುತ್ತಿದ್ದರು. ಅವಳು ಆರುನೂರು ಪದಗಳಲ್ಲಿ ಆ ಮಂಡಿಯನ್ನು ಮೂರು ಸಲ ವರ್ಣಿಸಿದ್ದಳು, ಆದರೆ ಈ ಎತ್ತಿಡುವುದನ್ನು ನೋಡಿರಲಿಲ್ಲ. ತನ್ನ ಹೆಸರು ಬರಲಿ ಎಂದು ಆ ಕಾಲು ಇನ್ನಷ್ಟು ನೋಯಲಿ ಎನ್ನುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅಳುವೂ ಬಂತು. ಫ್ರೇಮು ಕಣ್ಣ ಮುಂದೆ ಬಂತು, ಅದನ್ನು ಪಕ್ಕಕ್ಕೆ ತಳ್ಳಿದಳು.

“ಅಣ್ಣ, ಮಿಕ್ಕ ಕತೆ ಆಮೇಲೆ ಹೇಳಿ. ಟಾರ್ಚ್ ನಾನು ಹಿಡೀತೀನಿ, ಬೇಗ ಮಾಡಿ.”

ಕೆಟ್ಟಿದ್ದದ್ದು ಉಗುರಿನಷ್ಟು ದೊಡ್ಡ ಒಂದು ಸ್ವಿಚ್ಚು. ಮೂರೂಕಾಲಿಗೆ ಲಿಫ್ಟ್ ಒಮ್ಮೆ ಕೆಮ್ಮಿ, ನಡುಗಿ, ನಾಲ್ಕನೇ ಮಹಡಿಗೆ ಹೊರಟಿತು. ಹುಡುಗಿ ಮೇಲೆ ಹೋಗಿ ತನ್ನ ಆರುನೂರು ಪದಗಳನ್ನು ಹರಿದು ಬುಟ್ಟಿಗೆ ಹಾಕಿ, ಯಾರಿಗೂ ಮುಖ ತೋರಿಸದೆ ಮನೆಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ, “ಮೇಷ್ಟ್ರು ಇನ್ಮೇಲೆ ಮೆಟ್ಟಿಲು ಹತ್ತಬೇಕಾಗಿಲ್ವಲ್ಲ ಪುಟ್ಟಾ, ಸರಿ ಬಿಡು” ಎಂದಳು. ಬಡಿಸುವಾಗ ಮಾತ್ರ ಮಗಳ ತಟ್ಟೆಗೆ ಎರಡು ಸಲ ಉಪ್ಪು ಹಾಕಿದಳು.

ಮಾರನೆಯ ಬೆಳಿಗ್ಗೆ ಪತ್ರಿಕೆ ಬಂತು. ಮೊದಲ ಪುಟದಲ್ಲಿ ದಪ್ಪಕ್ಷರ: ‘ಮೂರು ವರ್ಷದಿಂದ ಅಲುಗಾಡದ ಲಿಫ್ಟ್, ಕೇಳುವವರಿಲ್ಲ’. ಕೆಳಗೆ ಬ್ರೇಕಿಂಗ್‌ನ ಹೆಸರು. ಇವಳು ಕೆಳಗೆ ಟಾರ್ಚ್ ಹಿಡಿದು ನಿಂತಿದ್ದಾಗ, ಆ ಪುಣ್ಯಾತ್ಮ ಮೇಲೆ ಕೂತು ಇವಳ ಸುದ್ದಿಯನ್ನೇ ತನ್ನದಾಗಿ ಬರೆದು ಕೊಟ್ಟಿದ್ದ. ವಿದ್ಯಾರ್ಥಿಗಳು ಅದನ್ನು ಲಿಫ್ಟಿನೊಳಗೆ ನಿಂತು, ಮೇಲಕ್ಕೂ ಕೆಳಕ್ಕೂ ಓಡಾಡುತ್ತ ಓದಿ ಬಿದ್ದು ಬಿದ್ದು ನಗುತ್ತಿದ್ದರು.

ಮೇಷ್ಟ್ರು ಅವಳನ್ನು ಲಿಫ್ಟಿನೊಳಗೇ ಕರೆಸಿಕೊಂಡರು. ಬೆಳಗಿನಿಂದ ಅವರು ಅಲ್ಲಿಂದ ಇಳಿದೇ ಇರಲಿಲ್ಲ.

“ತಪ್ಪು ನಂದೇ ಕಣಮ್ಮ. ಅವನು ಕಾಗದ ತಂದಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಕಾಲು ಹಾಗೆ ಸಿಡೀತಿತ್ತು. ಕೆಳಗೆ ಯಾರ ಹೆಸರಿದೆ ಅಂತಾನೂ ನೋಡ್ಲಿಲ್ಲ, ಆ ಕಡೆಯವರನ್ನ ಕೇಳಿದ್ಯಾ ಅಂತ ಕೇಳೋಕೇ ಹೋಗ್ಲಿಲ್ಲ. ಮಂಡಿಗಿಂತ ಬೇರೆ ಸಾಕ್ಷಿ ಬೇಕಾ ಅಂತ ಸಹಿ ಹಾಕ್ಬಿಟ್ಟೆ.”

“ಪರವಾಗಿಲ್ಲ ಸರ್. ಮುಂದಿನ ವರ್ಷ ಇದ್ದೇ ಇದೀನಲ್ಲ.”

“ಅದು ಹೇಗೆ? ಆ ಗೋಡೆ ನೋಡು.”

ಲಿಫ್ಟಿನ ಗುಂಡಿಗಳ ಮೇಲೆ ಹೊಸ ಫಲಕವೊಂದನ್ನು ಅಂಟಿಸಿದ್ದರು. ‘ಲಿಫ್ಟ್ ಕೆಟ್ಟರೆ ಸಂಪರ್ಕಿಸಿ’ ಎಂದಿತ್ತು. ಅದರ ಕೆಳಗೆ ಅವಳ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಕೆಂಪು ಬಣ್ಣದಲ್ಲಿ. ಪಕ್ಕದಲ್ಲಿ ಅವಳ ಫೋನ್ ನಂಬರು. ಲಿಫ್ಟಿನ ಫೈಲಿನಲ್ಲಿ ಇದ್ದದ್ದು ಒಂದೇ ಹೆಸರು, ಸೂಪರಿಂಟೆಂಡೆಂಟ್ ಅದನ್ನೇ ಅಚ್ಚು ಹಾಕಿಸಿದ್ದರು.

ಮೇಷ್ಟ್ರು ಅಕ್ಷರಗಳ ಮೇಲೆ ಬೆರಳಾಡಿಸಿದರು. “ಅಚ್ಚಾಗಿರಬೇಕು ಅಂತ ಬರೆದಿದ್ದೀನಿ. ಎಲ್ಲಿ ಅಂತ ಬರೆದಿಲ್ಲ. ನೀನು ಪಾಸು” ಎಂದರು.

ಮಧ್ಯಾಹ್ನ ಅಮ್ಮ ಅಂಗಡಿ ಬಾಗಿಲು ಹಾಕಿ, ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಫಲಕವನ್ನು ಕಿತ್ತು ಕೊಡಿ ಎಂದಳು, ಕೊಡಲಾಗದು ಎಂದರು ಸೂಪರಿಂಟೆಂಡೆಂಟ್. ಹಾಗಾದರೆ ಫ್ರೇಮೇ ಇಲ್ಲಿರಲಿ ಎಂದು, ಮಿಕ್ಕ ಕತೆ ಹೇಳಲು ಬಂದಿದ್ದ ಮೆಕ್ಯಾನಿಕ್‌ನ ಕೈಯಲ್ಲಿ ಫಲಕದ ಸುತ್ತ ಅದನ್ನು ಕೂರಿಸಿದಳು. ಆಮೇಲೆ ಹದಿನಾಲ್ಕು ಸಲ ಮೇಲೆ ಹೋಗಿ ಕೆಳಗೆ ಬಂದಳು. ಹತ್ತಿದವರಿಗೆಲ್ಲ, “ಇದು ನನ್ನ ಮಗಳು” ಎಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿ, ಸೆರಗಿನಿಂದ ಬೆರಳಚ್ಚು ಒರೆಸುತ್ತಿದ್ದಳು.

ಅಮ್ಮನನ್ನು ಗೇಟಿನ ತನಕ ಬಿಟ್ಟು ಬರುವಾಗ ಹುಡುಗಿಯ ಫೋನ್ ಬಡಿದುಕೊಂಡಿತು.

“ರಿಪೇರಿ, ನಾನು ಕಣೇ” ಎಂದಿತು ಬ್ರೇಕಿಂಗ್‌ನ ದನಿ. “ಲಿಫ್ಟ್ ನಿಂತೋಗಿದೆ.”

“ಆ ಕಡೆಯವರನ್ನ ಕೇಳಿದ್ಯಾ?”

“ಒಳಗೆ ಸಿಕ್ಕಾಕೊಂಡಿರೋನೇ ನಾನು. ಎರಡಕ್ಕೂ ಮೂರಕ್ಕೂ ಮಧ್ಯೆ ಇದೀನಿ. ಗೋಡೆ ಮೇಲೆ ನಿನ್ನ ನಂಬರು ಒಂದೇ ಇರೋದು.”

ಅಂತೂ ಅವನ ವರದಿ ಒಂದು ದಿನ ತಡವಾಗಿಯಾದರೂ ನಿಜವಾಗಿತ್ತು. ಹುಡುಗಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ನಿಧಾನವಾಗಿ ಕೂತು, ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

“ಅಣ್ಣ, ಲಿಫ್ಟ್ ನಿಂತಿದೆಯಂತೆ. ಅವಸರ ಏನಿಲ್ಲ, ಟೀ ಕುಡ್ಕೊಂಡೇ ಬನ್ನಿ.”